‘ನೀರು’ ಪದದಿಂದ ‘ರು’ ತೆಗೆದರೆ ಅದು ಕವಿತೆಯಾ, ಧರಣಿ ಬೋರ್ಡಾ?

ಕೊನೆಭಾಗದ_ಹುಡುಗ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮೂರು ಮದ್ದೂರು ಕಡೆ, ಕೆಆರ್‌ಎಸ್ ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಕೆಲಸ ಮೈಸೂರಿನಲ್ಲಿ. ಹೋದ ತಿಂಗಳು ಇಲ್ಲೊಂದು ಪ್ರದರ್ಶನ ಇತ್ತು. ಅಕ್ಷರಗಳನ್ನೇ ಚಿತ್ರದ ಹಾಗೆ ಜೋಡಿಸಿದ ಕವಿತೆ ಕೊಡಿ ಅಂತ ಕೇಳಿದ್ದರು. ನಾನೂ ಒಂದು ಕೊಟ್ಟೆ. ಡ್ರಾಯಿಂಗ್ ಶೀಟಿನ ಮೇಲೆ ನೀಲಿ ಬಣ್ಣದಲ್ಲಿ ಇಷ್ಟೇ ಬರೆದಿದ್ದೆ:

ನೀರು ನೀರು ನೀರು ನೀರು ನೀರು
ನೀರು ನೀರು ನೀರು ನೀರು
ನೀರು ನೀರು ನೀರು
ನೀರು ನೀರು
ನೀರು
ನೀ

ಮೇಲಿನ ಸಾಲು ದಪ್ಪ ಕುಂಚದಲ್ಲಿ. ಕೆಳಗೆ ಬಂದ ಹಾಗೆ ಕುಂಚ ಸಣ್ಣದು, ಬಣ್ಣ ತೆಳು. ಕೊನೆಯ ‘ನೀ’ ಮಾತ್ರ ಕೂದಲೆಳೆಯಷ್ಟು. ಮೇಲೆ ಕಟ್ಟೆ, ಕೆಳಗೆ ನಮ್ಮ ಗದ್ದೆ. ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಎರಡನೇ ದಿನ ಹೋಗಿ ನೋಡಿದರೆ ಅದು ಗೋಡೆ ಮೇಲೆ ಇರಲಿಲ್ಲ. ಸುತ್ತಿ ಮೇಜಿನ ಕೆಳಗೆ ಇಟ್ಟಿದ್ದರು. ಯಾಕೆ ಅಂದರೆ, ‘ಇದು ಕವಿತೆ ಅಲ್ಲಪ್ಪ, ಧರಣಿ ಬೋರ್ಡು. ಇಲ್ಲಿ ರಾಜಕೀಯ ಬೇಡ’ ಅಂದರು. ನನಗೆ ತುಂಬಾ ಬೇಜಾರಾಯಿತು. ಅಕ್ಷರ ಜೋಡಿಸಿ ಹೂವು ಮಾಡಿದರೆ ಕವಿತೆ, ನಾಲೆ ಮಾಡಿದರೆ ರಾಜಕೀಯವಾ? ತಿಳಿದವರು ಹೇಳಿ.

ಬೆಲ್ಲದಚ್ಚು

ಧರಣಿ ಬೋರ್ಡು ಅಂದರೆ ಬೈಗುಳ ಅಂತ ಯಾಕೆ ತಗೋತೀಯ ಗುರು? ಮಂಡ್ಯದ ಸಂಜಯ ವೃತ್ತದಲ್ಲಿ ಹಿಡಿದು ನಿಂತಿದ್ದರೆ ನಿನ್ನ ಚಿತ್ರವನ್ನು ಸಾವಿರ ಜನ ನೋಡುತ್ತಿದ್ದರು.

ಸರಸ್ವತಿಪುರಂ_ಮೇಷ್ಟ್ರು

ತಮ್ಮಾ, ನಿನಗೆ ಹೇಳಿದ ಮಾತು ಹೊಸದಲ್ಲ. ಅಕ್ಷರವನ್ನು ಆಕಾರಕ್ಕೆ ಕಟ್ಟುವ ಕೆಲಸಕ್ಕೆ ನಮ್ಮಲ್ಲಿ ಚಿತ್ರಕಾವ್ಯ ಅಂತಲೇ ಹೆಸರಿದೆ. ಪದ್ಮಬಂಧ, ಚಕ್ರಬಂಧ, ಮುರಜಬಂಧ, ಗೋಮೂತ್ರಿಕಾ, ಇವೆಲ್ಲ ಅದರ ಬಗೆಗಳು. ಕವಿರಾಜಮಾರ್ಗದಲ್ಲೇ ಇಂಥ ಕಷ್ಟದ ಕಟ್ಟುಗಳ ಮಾತು ಬರುತ್ತದೆ. ಆದರೆ ಸಂಸ್ಕೃತದಲ್ಲಿ ಕಾವ್ಯಶಾಸ್ತ್ರ ಬರೆದ ಆನಂದವರ್ಧನ ಇವನ್ನು ನಿಜವಾದ ಕಾವ್ಯ ಅಲ್ಲ, ಕಾವ್ಯದ ಅನುಕರಣೆ ಅಂದ. ಅವನ ನಂತರ ಬಂದ ಮಮ್ಮಟ ಇನ್ನೂ ಕೆಳಗಿಳಿಸಿ ‘ಅಧಮ’ ಅಂದ. ಹಾಗಾಗಿ ಇದು ಕವಿತೆ ಅಲ್ಲ ಅನ್ನೋದು ಸಾವಿರ ವರ್ಷದ ಹಳೇ ಜಗಳ.

ಈಗ ರಾಜಕೀಯದ ವಿಷಯ. ಸಂಸ್ಕೃತ ಕವಿ ಭಾರವಿ ಸರ್ವತೋಭದ್ರದಂಥ (ಯಾವ ಕಡೆಯಿಂದ ಓದಿದರೂ ಒಂದೇ ಆಗುವ) ಕಟ್ಟುಗಳನ್ನು ಎಲ್ಲಿ ಇಟ್ಟಿದ್ದಾನೆ ನೋಡು. ಕಿರಾತಾರ್ಜುನೀಯದ 15ನೇ ಸರ್ಗದಲ್ಲಿ, ಯುದ್ಧ ನಡೆಯುವಾಗ. ಮಾಘನೂ ಹಾಗೆಯೇ, ಶಿಶುಪಾಲವಧದ 19ನೇ ಸರ್ಗ, ಅಲ್ಲೂ ಯುದ್ಧ. ಸೇನೆಯ ವ್ಯೂಹ ಹೇಗೋ ಅಕ್ಷರದ ವ್ಯೂಹ ಹಾಗೆ. ಖಡ್ಗಬಂಧ ಅಂತಲೂ ಒಂದಿದೆ. ಪದ್ಯವನ್ನು ಕತ್ತಿಯ ಆಕಾರದಲ್ಲಿ ಬರೆಯುವುದು. ಆಸ್ಥಾನದಲ್ಲಿ ಕೂತು ಕತ್ತಿ ಆಕಾರದ ಪದ್ಯ ಕಟ್ಟಿದರೆ ಅದು ರಾಜಕೀಯ ಅಲ್ವಾ? ದೊರೆ ಕಡೆಯ ರಾಜಕೀಯ ಅಷ್ಟೇ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಡಿ.ಆರ್. ನಾಗರಾಜ್ ಕೊಟ್ಟ ಘೋಷವಾಕ್ಯ ‘ಖಡ್ಗವಾಗಲಿ ಕಾವ್ಯ, ಜನರ ನೋವಿಗೆ ಮಿಡಿವ ಪ್ರಾಣಮಿತ್ರ’. ಕತ್ತಿ ಅದೇ, ಹಿಡಿದ ಕೈ ಬೇರೆ.

ಅಕ್ಷರ_ಮಂಜುಳಾ

ಮೇಷ್ಟ್ರೇ, ನಿಮ್ಮ ಮೊದಲ ಅರ್ಧ ಒಪ್ಪಿದೆ. ಎರಡನೆಯದು ಒಪ್ಪಲ್ಲ. ಬಂಡಾಯದ ಘೋಷಣೆಯಲ್ಲಿ ಖಡ್ಗ ಬರೀ ಹೋಲಿಕೆ. ಕಣ್ಣಿಗೆ ಕತ್ತಿ ಕಾಣಲ್ಲ. ಇಲ್ಲಿ ಚರ್ಚೆ ಇರೋದು ಕಣ್ಣಿಗೆ ಕಾಣುವ ಅಕ್ಷರದ ಬಗ್ಗೆ. ಎರಡನ್ನೂ ಕಲಸಬೇಡಿ.

ಸರಸ್ವತಿಪುರಂ_ಮೇಷ್ಟ್ರು

ಸರಿಯಮ್ಮ. ಆದರೆ ಆ ಸಾಲು ಬಾಯಲ್ಲಿ ಮಾತ್ರ ಉಳಿಯಲಿಲ್ಲ. ಬ್ಯಾನರ್ ಬಟ್ಟೆ ಮೇಲೆ, ಗೋಡೆ ಮೇಲೆ, ಕರಪತ್ರದ ನೆತ್ತಿ ಮೇಲೆ ಬಂತು. ನಾನು ಅದನ್ನು ಕಿವಿಯಲ್ಲಿ ಕೇಳುವ ಮೊದಲು ಕಣ್ಣಲ್ಲಿ ನೋಡಿದ್ದೆ.

ಕುಂಚದಣ್ಣ_ಮಂಡ್ಯ

ನಾನು 30 ವರ್ಷ ಬೋರ್ಡು ಬರೆದವನು. ನಿಮ್ಮಷ್ಟು ಓದಿಲ್ಲ, ಆದರೆ ಈ ವಿಷಯದಲ್ಲಿ ಹೇಳುವುದು ಜಾಸ್ತಿ ಇದೆ.

ಗೋಡೆ ಬರಹ ಹೇಗೆ ಮಾಡುತ್ತಿದ್ದೆವು ಗೊತ್ತಾ? ಮೊದಲು ಸುಣ್ಣ. ಅದು ಒಣಗಿದ ಮೇಲೆ ದಾರಕ್ಕೆ ನೀಲಿ ಪುಡಿ ಸವರಬೇಕು, ಬಟ್ಟೆಗೆ ಹಾಕುತ್ತಾರಲ್ಲ ಅದೇ ನೀಲಿ. ಇಬ್ಬರು ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಬೆರಳಲ್ಲಿ ಎಳೆದು ಬಿಟ್ಟರೆ ಪಟ್ ಅಂತ ಗೋಡೆಗೆ ಗೆರೆ ಬೀಳುತ್ತದೆ. ಹೀಗೆ ಮೂರು ಗೆರೆ. ತಲೆಕಟ್ಟಿಗೆ ಒಂದು, ಅಕ್ಷರದ ಬುಡಕ್ಕೆ ಒಂದು, ಒತ್ತಕ್ಷರಕ್ಕೆ ಒಂದು. ಮೂರನೇ ಗೆರೆಗೆ ಜಾಗ ಬಿಡದವನ ಬರಹದಲ್ಲಿ ‘ರಾಷ್ಟ್ರ’ ಅಂತ ಬರೆಯುವಾಗ ಕೆಳಗಿನ ಒತ್ತು ಚರಂಡಿಗೆ ಬೀಳುತ್ತದೆ.

1980ರ ದಶಕದಲ್ಲಿ ನಾನು ಚಿಕ್ಕ ಹುಡುಗ. ನಮ್ಮ ಗುರುಗಳ ಜೊತೆ ಬಣ್ಣದ ಡಬ್ಬಿ ಹಿಡಿದು ಹೋಗುತ್ತಿದ್ದೆ. ಆಗ ರೈತ ಸಂಘದವರು ಊರ ಬಾಗಿಲಲ್ಲಿ ಬೋರ್ಡು ನೆಡಿಸುತ್ತಿದ್ದರು. ಸರ್ಕಾರಿ ಅಧಿಕಾರಿಗಳು ಒಪ್ಪಿಗೆ ಇಲ್ಲದೆ ಊರೊಳಗೆ ಬರಕೂಡದು ಅಂತ. ಸಾಲ ವಸೂಲಿಗೆ ಬಂದು ಮನೆಯ ಪಾತ್ರೆ, ಬಾಗಿಲು ಜಪ್ತಿ ಮಾಡುತ್ತಿದ್ದ ಕಾಲ ಅದು. ಬರೀ ಎರಡು ಸಾಲು, ಹಸಿರು ಬಣ್ಣ. ಜೀಪು ಬಂದು ಆ ಬೋರ್ಡಿನ ಹತ್ತಿರ ನಿಲ್ಲುತ್ತಿತ್ತು. ಇಳಿದವರು ಓದುತ್ತಿದ್ದರು. ಆಮೇಲೆ ಊರವರನ್ನು ಕರೆಸಿ ಮಾತಾಡುತ್ತಿದ್ದರು. ಅಕ್ಷರಕ್ಕೆ ಜೀಪು ನಿಲ್ಲಿಸುವ ಶಕ್ತಿ ಇದೆ ಅಂತ ನಾನು ಅವತ್ತು ಕಣ್ಣಾರೆ ಕಂಡೆ. ಅದನ್ನು ಕವಿತೆ ಅಂತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು.

ತಮ್ಮಾ, ನಿನ್ನ ಚಿತ್ರದಲ್ಲಿ ಒಂದು ತಪ್ಪಿದೆ. ಕೊನೆಯ ‘ನೀ’ ಕೂದಲೆಳೆಯಷ್ಟು ಅಂದೆಯಲ್ಲ, ಅದು ಹತ್ತು ಅಡಿ ದೂರದಿಂದ ಕಾಣಲ್ಲ. ಬೇಕಾದದ್ದೇ ಕಾಣದೆ ಹೋದರೆ ಏನು ಬಂತು?

ಕೊನೆಭಾಗದ_ಹುಡುಗ

ಅಣ್ಣಾ, ಜೀಪಿನ ವಿಷಯ ಓದಿ ಮೈ ಜುಮ್ ಅಂತು. ಆದರೆ ‘ನೀ’ ಕಾಣದೆ ಇರಬೇಕು ಅಂತಲೇ ಬರೆದದ್ದು. ಕೊನೆ ಭಾಗದವರು ಯಾರಿಗೂ ಕಾಣಲ್ಲ. ಹತ್ತಿರ ಬಂದವರಿಗಷ್ಟೇ ಕಾಣಲಿ.

ಕುಂಚದಣ್ಣ_ಮಂಡ್ಯ

ಹತ್ತಿರ ಬರೋಕೆ ಒಂದು ಕಾರಣ ಬೇಕಲ್ಲ ಮಗಾ.

ಓದುಗ_ಕುವೆಂಪುನಗರ

ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. 1957ರಲ್ಲಿ ಬ್ರೆಜಿಲ್‌ನ ಡೆಸಿಯೊ ಪಿಗ್ನತಾರಿ ಒಂದು ಕವಿತೆ ಮಾಡಿದ. ಸಾವೊ ಪಾಲೊದಲ್ಲಿ 1952ರಲ್ಲಿ ಶುರುವಾದ ನೋಯಿಗಾಂದ್ರೆಸ್ ಅನ್ನುವ ಕವಿಗಳ ಗುಂಪಿನವನು. ಕೋಕಾ ಕೋಲಾದ ಜಾಹೀರಾತಿನ ಮಾತು ‘ಬೇಬಾ ಕೋಕಾ ಕೋಲಾ’, ಅಂದರೆ ಕುಡಿ ಅಂತ. ಅದನ್ನೇ ತಗೊಂಡು ಅಕ್ಷರ ಅದಲು ಬದಲು ಮಾಡುತ್ತಾ ಹೋದ. ಬೇಬಾ ಹೋಗಿ ಬಾಬೆ, ಅಂದರೆ ಜೊಲ್ಲು ಸುರಿಸು. ಕೋಕಾ ಹೋಗಿ ಕಾಕೋ, ಅಂದರೆ ಒಡೆದ ಚೂರು. ಕೊನೆಗೆ ಅದೇ ಅಕ್ಷರಗಳಿಂದ ‘ಕ್ಲೋವಾಕಾ’, ಕೊಳಚೆ ಗುಂಡಿ. ಹೊರಗಿನ ಒಂದು ಪದವನ್ನೂ ತರಲಿಲ್ಲ. ಜಾಹೀರಾತಿನ ಹೊಟ್ಟೆಯಲ್ಲೇ ಇದ್ದದ್ದನ್ನು ತೆಗೆದು ತೋರಿಸಿದ.

ನಮ್ಮ ಹುಡುಗ ಮಾಡಿದ್ದೂ ಅದೇ. ‘ನೀರು’ ಒಳಗೇ ‘ನೀ’ ಇತ್ತು. ಇವನು ತೋರಿಸಿದ. ಇದು ಘೋಷಣೆ ಅಲ್ಲ, ಹುಡುಕಾಟ. ನನ್ನ ಮಟ್ಟಿಗೆ ಖಂಡಿತ ಕವಿತೆ.

ಅಕ್ಷರ_ಮಂಜುಳಾ

ಇದು ಸರಿಯಾದ ಮಾತು. ನಮ್ಮ ಲಿಪಿಯಲ್ಲಿ ಇದಕ್ಕೆ ಇನ್ನೂ ದಾರಿ ಇದೆ. ರೋಮನ್ ಅಕ್ಷರದವರು ಅಕ್ಷರ ಮಾತ್ರ ಕೀಳಬಹುದು. ನಾವು ಗುಡಿಸು, ಕೊಂಬು, ದೀರ್ಘ ಒಂದೊಂದನ್ನೇ ಕೀಳಬಹುದು. ನೀರು, ನೀರ, ನೀ, ನಿ, ನ. ಮೊದಲು ಕೊಂಬು ಹೋಯಿತು, ಆಮೇಲೆ ರ ಹೋಯಿತು, ದೀರ್ಘ ಹೋಯಿತು, ಗುಡಿಸು ಹೋಯಿತು. ನೀರು ಒಮ್ಮೆಗೇ ನಿಲ್ಲಲ್ಲ ತಾನೆ? ಸ್ವಲ್ಪ ಸ್ವಲ್ಪವೇ ಕಡಿಮೆ ಆಗುತ್ತದೆ.

ಬೆಲ್ಲದಚ್ಚು

‘ನಾಲೆ’ ಮತ್ತು ‘ನಾಳೆ’ ಸೇರಿಸಿ ಅಕ್ಕ. ನೀರು ಯಾವಾಗ ಬಿಡ್ತೀರಿ ಅಂತ ಕೇಳಿದಾಗೆಲ್ಲ ನಮಗೆ ಸಿಗುವ ಉತ್ತರ ಅದೇ. ನಾಲೆ ನಾಲೆ ನಾಲೆ ನಾಳೆ ನಾಳೆ.

ಅಕ್ಷರ_ಮಂಜುಳಾ

ಅಯ್ಯೋ, ಎಷ್ಟು ಚೆನ್ನಾಗಿದೆ. ಲ ಮತ್ತು ಳ ಪಕ್ಕಪಕ್ಕ ನಿಂತರೆ ಓದುವವನ ಕಣ್ಣು ಎಡವುತ್ತದೆ. ಅದೇ ಬೇಕಾದದ್ದು.

ಕೊನೆಭಾಗದ_ಹುಡುಗ

ಮಂಜುಳಕ್ಕ, ‘ನ’ವರೆಗೆ ಹೋಗಲ್ಲ ನಾನು. ‘ನೀ’ ಹತ್ತಿರ ನಿಲ್ಲಲೇಬೇಕು. ಅದು ಕನ್ನಡದ ಪೂರ್ತಿ ಮಾತು. ‘ನ’ ಅಂದರೆ ಬರೀ ಅಕ್ಷರ, ಯಾರನ್ನೂ ಕೇಳಲ್ಲ.

ಸತ್ಯಮಾರ್ಗಿ_ಮೈಸೂರು

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಂದು ಕಹಿ ಮಾತು ಕೇಳುತ್ತೇನೆ. ಆ ‘ನೀ’ ಯಾರು? ಸರ್ಕಾರವಾ? ಅಧಿಕಾರಿಯಾ? ಪಕ್ಕದ ರಾಜ್ಯದವರಾ? 1991ರಲ್ಲಿ ಕಾವೇರಿ ಗಲಾಟೆ ಆದಾಗ ನಾನು ಬೆಂಗಳೂರಿನಲ್ಲಿದ್ದೆ. ‘ನೀನು’ ಅಂತ ಬೆರಳು ತೋರಿಸಿ ಯಾರ ಮನೆ ಸುಟ್ಟರು, ಯಾರು ಊರು ಬಿಟ್ಟು ಓಡಿದರು ಅಂತ ನೋಡಿದ್ದೇನೆ. ಬಡ ಕೂಲಿಯವರು ಅವರು. ಅರ್ಥ ತೆರೆದಿಟ್ಟರೆ ಯಾರು ಬೇಕಾದರೂ ತಮ್ಮ ಸಿಟ್ಟು ತುಂಬುತ್ತಾರೆ. ರಾಜಕೀಯ ಕವಿತೆ ಬರೆಯುವವನಿಗೆ ಆ ಹೊಣೆ ಇದೆ.

ಬೆಲ್ಲದಚ್ಚು

ಆ ಹುಡುಗ ಎಲ್ಲೂ ಪಕ್ಕದ ರಾಜ್ಯ ಅಂದಿಲ್ಲ. ಸುಮ್ನೆ ಯಾಕೆ ಅವನ ತಲೆಗೆ ಕಟ್ಟುತ್ತೀರಿ?

ಸತ್ಯಮಾರ್ಗಿ_ಮೈಸೂರು

ಅವನ ತಲೆಗೆ ಕಟ್ಟುತ್ತಿಲ್ಲ. ನೋಡುವವರ ತಲೆಯಲ್ಲಿ ಏನಿದೆ ಅಂತ ಹೇಳುತ್ತಿದ್ದೇನೆ. ತಂಜಾವೂರು ಕಡೆಯೂ ನಾಲೆಯ ಕೊನೆ ಇದೆ ಕಣಪ್ಪ. ಅಲ್ಲಿ ಅದಕ್ಕೆ ‘ಕಡೈಮಡೈ’ ಅಂತಾರೆ. ಅಲ್ಲಿನ ರೈತನೂ ಇದೇ ಚಿತ್ರ ಬರೆದಾನು. ಅವನ ‘ನೀ’ ನಮ್ಮ ಕಡೆ ತಿರುಗಿರುತ್ತದೆ.

ಕೊನೆಭಾಗದ_ಹುಡುಗ

ಸಾರ್, ಈ ಮಾತಿಗೆ ಎರಡು ದಿನ ಯೋಚನೆ ಮಾಡಿದೆ. ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಮೇಲಿನ ಭಾಗದವರು. ಅದೇ ನಾಲೆ, ಅದೇ ಜಿಲ್ಲೆ. ಕಟ್ಟು ನೀರು (ಸರದಿ ಪ್ರಕಾರ ಬಿಡುವ ನೀರು) ಬಿಟ್ಟಾಗ ತೂಬು ಒಡೆದು, ಪಂಪು ಇಟ್ಟು ಎಳೆದುಕೊಳ್ಳುವವರು. ನಮ್ಮ ಸೋದರಮಾವನೂ ಅವರಲ್ಲೊಬ್ಬ. ಆಮೇಲೆ ಅನ್ನಿಸಿತು, ಮೈಸೂರಿನಲ್ಲಿ ನಲ್ಲಿ ತಿರುಗಿಸುವ ನಾನೂ ಆ ‘ನೀ’ ಒಳಗೆ ಇದ್ದೇನೆ. ನನಗೆ ಕುಡಿಯುವ ನೀರು ಬರುವುದೂ ಅದೇ ಹೊಳೆಯಿಂದ.

ತಂಜಾವೂರಿನ ಮಾತು ನನಗೆ ಹೊಳೆದೇ ಇರಲಿಲ್ಲ. ‘ಕಡೈಮಡೈ’ ಪದವನ್ನೂ ಕೆಳಗೆ ಬರೆಯಬೇಕು ಅನ್ನಿಸುತ್ತಿದೆ. ಕನ್ನಡ ಲಿಪಿಯಲ್ಲೇ.

ಸತ್ಯಮಾರ್ಗಿ_ಮೈಸೂರು

ಬರೆ. ಆಗ ನಾನೂ ಬಂದು ನೋಡುತ್ತೇನೆ.

ಓದುಗ_ಕುವೆಂಪುನಗರ

ತೆಗೆದುಹಾಕುವ ವಿಷಯಕ್ಕೆ ಬರುತ್ತೇನೆ. ಯಾವಾಗಲೂ ಅಧಿಕಾರದಲ್ಲಿರುವವರೇ ತೆಗೆಸುತ್ತಾರೆ ಅಂತೇನಿಲ್ಲ. ಬರ್ಲಿನ್‌ನ ಒಂದು ಕಾಲೇಜಿನ ಗೋಡೆ ಮೇಲೆ 2011ರಲ್ಲಿ ಓಯ್ಗನ್ ಗೋಮ್ರಿಂಗರ್ ಬರೆದ ಸ್ಪ್ಯಾನಿಷ್ ಕವಿತೆಯನ್ನು ದೊಡ್ಡದಾಗಿ ಬರೆಸಿದರು. ಬೀದಿಗಳು, ಹೂಗಳು, ಹೆಂಗಸರು, ಕೊನೆಗೆ ಒಬ್ಬ ಮೆಚ್ಚುಗ. ಇಷ್ಟೇ ಪದಗಳು. ವಿದ್ಯಾರ್ಥಿಗಳು ತಕರಾರು ತೆಗೆದರು. ಹೆಂಗಸರನ್ನು ಹೂವಿನ ಸಾಲಿನಲ್ಲಿ ನಿಲ್ಲಿಸಿ ಗಂಡಸು ನೋಡುತ್ತಾ ನಿಲ್ಲುವುದು ಏನು ಚಂದ ಅಂತ. ಭಾರೀ ಚರ್ಚೆ ಆಯಿತು. 2018ರಲ್ಲಿ ಅದನ್ನು ಅಳಿಸಿ ಬೇರೆ ಕವಿಯ ಸಾಲು ಬರೆಸಿದರು.

ಅಕ್ಷರ_ಮಂಜುಳಾ

ಆ ವಿದ್ಯಾರ್ಥಿಗಳ ಕಡೆ ನಾನು. ದಿನಾ ಆ ಗೋಡೆ ಕೆಳಗೆ ನಡೆದು ಹೋಗುವವರು ಅವರು. ಪುಸ್ತಕವಾದರೆ ಮುಚ್ಚಿಡಬಹುದು, ಗೋಡೆ ಮುಚ್ಚಲು ಆಗಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಎಲ್ಲರೂ ಬಾಯಿ ಬಿಟ್ಟು ಜಗಳ ಆಡಿದರು. ಇಲ್ಲಿ ಈ ಹುಡುಗನ ಹಾಳೆಯನ್ನು ಹೇಳದೆ ಕೇಳದೆ ಸುತ್ತಿ ಮೇಜಿನ ಕೆಳಗೆ ಇಟ್ಟರು. ನನಗೆ ಸಿಟ್ಟು ಬರುವುದು ಅದಕ್ಕೇ.

ಸರಸ್ವತಿಪುರಂ_ಮೇಷ್ಟ್ರು

ಅದೇ ಗೋಮ್ರಿಂಗರ್ ‘ಮೌನ’ ಅನ್ನುವ ಪದವನ್ನು ಹದಿನಾಲ್ಕು ಸಲ ಬರೆದು ನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದಾನೆ. ಆ ಖಾಲಿಯೇ ನಿಜವಾದ ಮೌನ. ಇದನ್ನು ನೋಡಿದಾಗೆಲ್ಲ ನನಗೆ ತುರ್ತು ಪರಿಸ್ಥಿತಿ ನೆನಪಾಗುತ್ತದೆ. 1975ರ ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಮಾಡಿತು. ಗೋಮ್ರಿಂಗರ್‌ನ ಖಾಲಿ ಕಲೆ, ಎಕ್ಸ್‌ಪ್ರೆಸ್‌ನ ಖಾಲಿ ಪತ್ರಿಕೆ. ನೋಡಲು ಎರಡೂ ಒಂದೇ. ಅದೇ ದಿನಗಳಲ್ಲಿ ಇನ್ನೊಂದು ಪತ್ರಿಕೆಯಲ್ಲಿ ಒಂದು ನಿಧನ ವಾರ್ತೆ ಬಂತು. ತೀರಿಕೊಂಡವರು ಡಿ.ಇ.ಎಂ. ಓಕ್ರಸಿ, ಹೆಂಡತಿ ಟಿ. ರೂತ್, ಮಗ ಎಲ್.ಐ. ಬರ್ಟಿ. ಸೇರಿಸಿ ಓದಿದರೆ ಡೆಮಾಕ್ರಸಿ, ಟ್ರೂತ್, ಲಿಬರ್ಟಿ. ಸೆನ್ಸಾರ್‌ನವರ ಕಣ್ಣು ತಪ್ಪಿಸಿ ಬಂದದ್ದು ಬರೀ ಚುಕ್ಕಿಗಳ ಜಾಣತನದಿಂದ.

ಬೆಲ್ಲದಚ್ಚು

2022ರಲ್ಲಿ ಚೀನಾದಲ್ಲಿ ಹುಡುಗರು ಖಾಲಿ ಎ4 ಹಾಳೆ ಹಿಡಿದು ನಿಂತರಲ್ಲ, ಅದೂ ಇದೇ ಅಲ್ವಾ ಮೇಷ್ಟ್ರೇ.

ಸರಸ್ವತಿಪುರಂ_ಮೇಷ್ಟ್ರು

ಅದೇ. ಏನು ಬರೆದಿದೆ ಅಂತ ಹಿಡಿಯಲು ಬಂದವರಿಗೂ ಗೊತ್ತಿತ್ತು.

ಪೌರಕಾರ್ಮಿಕರ_ಮಗಳು

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೂ ಇದನ್ನು ಹೇಳಲೇಬೇಕು ಅನ್ನಿಸಿತು.

1968ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕಸ ಎತ್ತುವ ಕಾರ್ಮಿಕರು ಮುಷ್ಕರ ಹೂಡಿದರು. ಇಬ್ಬರು ಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತ ಮೇಲೆ ಆದದ್ದು ಅದು. ಎಲ್ಲರ ಕೈಯಲ್ಲೂ ಒಂದೇ ಫಲಕ: ನಾನು ಒಬ್ಬ ಮನುಷ್ಯ. 1988ರಲ್ಲಿ ಗ್ಲೆನ್ ಲೈಗನ್ ಅನ್ನುವ ಕಪ್ಪು ಕಲಾವಿದ ಅದೇ ಫಲಕವನ್ನು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದ. ಬಣ್ಣ ದಪ್ಪ, ಅಲ್ಲಲ್ಲಿ ಬಿರುಕು. ಧರಣಿ ಬೋರ್ಡನ್ನೇ ಬರೆದದ್ದು ಆತ. ಅದನ್ನು ಯಾರೂ ಸುತ್ತಿ ಮೇಜಿನ ಕೆಳಗೆ ಇಡಲಿಲ್ಲ.

ನಮ್ಮಪ್ಪ ಮುಷ್ಕರಕ್ಕೆ ಹೋಗುವಾಗ ರಟ್ಟಿನ ಡಬ್ಬ ಕತ್ತರಿಸಿ ಫಲಕ ಮಾಡಿಕೊಂಡು ಹೋಗುತ್ತಿದ್ದರು. ಅಕ್ಷರ ಬರೆದುಕೊಡುತ್ತಿದ್ದವಳು ನಾನು, ಆಗ ಏಳನೇ ಕ್ಲಾಸು. ‘ಕೆಲಸ ಕಾಯಂ ಮಾಡಿ’ ಅಂತ ಬರೆಯಬೇಕಿತ್ತು. ಜಾಗ ಸಾಲದೆ ‘ಮಾಡಿ’ಯನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದೆ. ಅಪ್ಪ ನೋಡಿ, ‘ಮಾಡಿ ಅನ್ನೋದೇ ದೊಡ್ಡದಾಗಿರಬೇಕು ಕಣವ್ವ, ಉಳಿದದ್ದು ಅವರಿಗೆ ಗೊತ್ತಿದೆ’ ಅಂದರು. ಇನ್ನೊಂದು ರಟ್ಟು ಕತ್ತರಿಸಿ ಕೊಟ್ಟರು. ಯಾವ ಪದ ದೊಡ್ಡದು, ಯಾವುದು ಸಣ್ಣದು ಅಂತ ನಾನು ಕಲಿತದ್ದು ಅವರಿಂದ.

ಕುಂಚದಣ್ಣ_ಮಂಡ್ಯ

ನಿಮ್ಮಪ್ಪನಿಗೆ ನನ್ನ ನಮಸ್ಕಾರ ತಿಳಿಸು ತಾಯಿ.

ಶಾಸನಪ್ರಿಯ_ಶ್ರೀರಂಗಪಟ್ಟಣ

ಮಂಡ್ಯ ಜಿಲ್ಲೆಯಲ್ಲಿ ಬರಹ ಮತ್ತು ಚಿತ್ರ ಜೊತೆಗೆ ಅಂದರೆ ಆತಕೂರಿನ ಕಲ್ಲು ಬಿಟ್ಟು ಮಾತಾಡುವುದು ಹೇಗೆ? ಮದ್ದೂರು ತಾಲ್ಲೂಕಿನದೇ. ಹತ್ತನೇ ಶತಮಾನದ ನಡುವಿನದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಾಳಿ ಅನ್ನುವ ನಾಯಿ ಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ಆ ನಾಯಿಗಾಗಿ ಗಂಗರ ಕಡೆಯ ವೀರ ಮಣಲೇರ ಈ ಕಲ್ಲು ನಿಲ್ಲಿಸಿದ. ನಾಯಿ ಹಂದಿ ಕಾದಾಡುವ ಚಿತ್ರ ಇದೆ, ಜೊತೆಗೆ ಹಳಗನ್ನಡದ ಅಕ್ಷರ. ನಾಯಿಯ ಕಥೆ ಅಂತ ಓದಲು ಹೋದರೆ ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದದ್ದು, ಗಂಗರ ಬೂತುಗನ ಸಾಹಸ, ಎಲ್ಲ ಬರುತ್ತದೆ. ಕೊನೆಗೆ ಒಂದು ಕಟ್ಟಳೆ: ಪೂಜೆ ಮಾಡುವ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ.

ರೈತ ಸಂಘದ ಬೋರ್ಡಿನ ಹಾಗೆ ಇದೂ ಓದುವವನಿಗೆ ‘ಹೀಗೆ ಮಾಡು’ ಅಂತ ಹೇಳುತ್ತದೆ. ಕಲ್ಲಿನ ಮೇಲೆ ಬರೆಸುವವನು ಯಾವತ್ತೂ ಸುಮ್ನೆ ಬರೆಸಲ್ಲ.

ಓದುಗ_ಕುವೆಂಪುನಗರ

ಬರೆಸಲು ದುಡ್ಡು, ಕಲ್ಲು ಇರುವವರ ಮಾತು ಉಳಿಯಿತು. ರಟ್ಟಿನ ಮೇಲೆ ಬರೆದದ್ದು ಮಳೆಗೆ ಹೋಯಿತು. ಅದಕ್ಕೇ ಲೈಗನ್ ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಅಕ್ಷರ_ಮಂಜುಳಾ

ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಫ್ಲೆಕ್ಸ್ ಬಂದ ಮೇಲೆ ಎಲ್ಲ ಅಕ್ಷರವೂ ಒಂದೇ ಥರ. ಹುಟ್ಟುಹಬ್ಬಕ್ಕೂ ಅದೇ, ಶ್ರದ್ಧಾಂಜಲಿಗೂ ಅದೇ, ಹೋರಾಟಕ್ಕೂ ಅದೇ. ಎಷ್ಟೋ ಕಡೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿರುತ್ತದೆ. 2024ರ ಕಾನೂನು ತಿದ್ದುಪಡಿಯಲ್ಲಿ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಅಂತ ಬಂತು. ಒಳ್ಳೆಯದೇ. ಆದರೆ ಒಡೆದ ಒತ್ತಕ್ಷರದ ಶೇ 60 ತಗೊಂಡು ಏನು ಮಾಡುವುದು?

ಬೆಲ್ಲದಚ್ಚು

ಮೊದಲು ಬರಲಿ ಅಕ್ಕ, ಆಮೇಲೆ ತಿದ್ದೋಣ.

ಅಕ್ಷರ_ಮಂಜುಳಾ

ಆಮೇಲೆ ಯಾರೂ ತಿದ್ದಲ್ಲ ಕಣೋ. ನೋಡಿ ನೋಡಿ ಅಭ್ಯಾಸ ಆಗಿಬಿಡುತ್ತದೆ.

ಶಾಸನಪ್ರಿಯ_ಶ್ರೀರಂಗಪಟ್ಟಣ

ಹುಡುಗನಿಗೆ ಒಂದು ಸಲಹೆ. ಪತ್ರಿಕೆಯಲ್ಲಿ ದಿನಾ ಕೆಆರ್‌ಎಸ್ ಮಟ್ಟ ಹಾಕುತ್ತಾರಲ್ಲ. ಗರಿಷ್ಠ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ನಮ್ಮ ಕಡೆ ಮನೆಯಲ್ಲಿ ಮೊದಲು ಓದುವುದು ಅದನ್ನೇ. ನಿನ್ನ ಚಿತ್ರದ ಪಕ್ಕ ಆ ಅಳತೆಯ ಗೆರೆ ಎಳೆ. ಮೇಲೆ 124.80 ಅಂತ ಬರೆದು ಬಿಡು. ಬೇರೆ ಅಂಕಿ ಬೇಡ.

ಕೊನೆಭಾಗದ_ಹುಡುಗ

ಎಲ್ಲರಿಗೂ ಋಣಿ. ಹಾಳೆಯ ಮೇಲೆ ಮತ್ತೆ ಬರೆಯಲ್ಲ. ನಮ್ಮ ಗದ್ದೆ ಪಕ್ಕ ಹಳೇ ಪಂಪ್‌ಸೆಟ್ ಮನೆ ಇದೆ, ನಾಲೆ ಏರಿಯ ರಸ್ತೆಗೆ ಮುಖ ಮಾಡಿದೆ. ಆ ಗೋಡೆ ಮೇಲೆ ಬರೆಯುತ್ತೇನೆ. ಅಪ್ಪ ಒಪ್ಪಿದರು. ಮೇಲೆ 124.80ರ ಗೆರೆ, ನಾಲೆ ನಾಳೆ ಒಂದು ಕಡೆ, ಕೆಳಗೆ ಕಡೈಮಡೈ. ‘ನೀ’ ಎಷ್ಟು ದೊಡ್ಡದು ಇರಬೇಕು ಅಂತ ಇನ್ನೂ ಗೊಂದಲ. ಆ ಅಕ್ಕನ ಅಪ್ಪ ಹೇಳಿದ ಹಾಗೆ ಅದೇ ದೊಡ್ಡದಿರಬೇಕಾ, ನಾನು ಮೊದಲು ಮಾಡಿದ ಹಾಗೆ ಸಣ್ಣದಾ?

ಪೌರಕಾರ್ಮಿಕರ_ಮಗಳು

ಸಣ್ಣದೇ ಇರಲಿ. ಆದರೆ ನೆಲಕ್ಕೆ ಹತ್ತಿರ ಬೇಡ, ನಡೆದು ಹೋಗುವವರ ಕಣ್ಣಿನ ಎತ್ತರಕ್ಕೆ ಬರಲಿ. ಸುತ್ತಲೂ ಏನೂ ಬರೆಯಬೇಡ.

ಕುಂಚದಣ್ಣ_ಮಂಡ್ಯ

ಈ ಮಾತಿಗೆ ನಾನೂ ಸೋತೆ. ಸುತ್ತ ಬಿಳಿ ಬಿಟ್ಟರೆ ಸಣ್ಣದೂ ಕಾಣುತ್ತದೆ. ಸುಣ್ಣ ಎರಡು ಕೈ ಹೊಡೆದಿಡು, ಹಸಿ ಗೋಡೆ ಮೇಲೆ ಬರೆಯೋಕೆ ಹೋಗಬೇಡ. ಭಾನುವಾರ ಬೆಳಿಗ್ಗೆ ಬರ್ತೀನಿ. ದಾರ ನನ್ನ ಹತ್ತಿರ ಇದೆ, ನೀಲಿ ನೀನು ತಂದಿಡು. ಇನ್ನೊಂದು ತುದಿ ಹಿಡಿಯೋಕೆ ನಿಮ್ಮ ಸೋದರಮಾವನನ್ನೇ ಕರಿ.

ಕೊನೆಭಾಗದ_ಹುಡುಗ

ಕರೆದಿದ್ದೇನೆ ಅಣ್ಣ. ಬರ್ತೀನಿ ಅಂದರು.